ಆ ಅಂಕಿ ಈ ಸಲ ಬರೆಯುವುದಿಲ್ಲ

ದಾವಣಗೆರೆಯಿಂದ ಒಬ್ಬ ತಾಯಿ ಬರೆದಿದ್ದಾರೆ: "ಊಟ ಬಿಟ್ಟು ಆಸ್ಪತ್ರೆ ಸೇರಿದ ಹುಡುಗಿಯ ಕಥೆ ಕಳೆದ ಸಂಚಿಕೆಯಲ್ಲಿ ಹಾಕಿದಿರಿ. ನನ್ನ ಮಗಳು ಆ ಪುಟ ಕತ್ತರಿಸಿ ಬೀರುವಿನೊಳಗೆ ಅಂಟಿಸಿಕೊಂಡಿದ್ದಾಳೆ. ಹೆದರಿ ಅಲ್ಲ, ಆಸೆಪಟ್ಟು. ಹೀಗೂ ಆಗಬಹುದು ಅಂತ ಯೋಚಿಸಿದ್ದಿರಾ?"

ಇಲ್ಲ ಅಮ್ಮಾ, ಯೋಚಿಸಿರಲಿಲ್ಲ. ನಾಲ್ಕು ಜನಕ್ಕೆ ಎಚ್ಚರಿಕೆ ಆಗಲಿ ಅಂತಲೇ ಹಾಕಿದ್ದು. ನಿಮ್ಮ ಪತ್ರ ಬಂದ ಮೇಲೆ ಆ ಪುಟ ಮತ್ತೆ ಓದಿದೆ. ಅವಳ ತೂಕ ಎಷ್ಟಕ್ಕೆ ಇಳಿಯಿತು, ದಿನಕ್ಕೆ ಏನು ತಿನ್ನುತ್ತಿದ್ದಳು, ಮನೆಯವರ ಕಣ್ಣು ಹೇಗೆ ತಪ್ಪಿಸುತ್ತಿದ್ದಳು, ಎಲ್ಲ ಬಿಡಿಸಿ ಬಿಡಿಸಿ ಬರೆದಿದ್ದೇವೆ, ಸಾಲದ್ದಕ್ಕೆ ಮೊದಲಿನ ಫೋಟೊ, ಆಮೇಲಿನ ಫೋಟೊ ಬೇರೆ. ನಮ್ಮಂಥವರು ಓದಿ ಅಯ್ಯೋ ಪಾಪ ಅನ್ನುತ್ತೇವೆ. ಅದೇ ದಾರಿ ಹಿಡಿದಿರುವ ಹುಡುಗಿ ಆ ಅಂಕಿಗೆ ತನ್ನ ತೂಕ ಹೋಲಿಸಿ, ನಾನಿನ್ನೂ ಅಷ್ಟು ಸಣ್ಣ ಆಗಿಲ್ಲ ಅಂದುಕೊಳ್ಳುತ್ತಾಳೆ. ಅದಕ್ಕೇ ಆ ಅಂಕಿ ಇಲ್ಲಿ ಮತ್ತೆ ಬರೆಯುತ್ತಿಲ್ಲ. 'ಬೆಣ್ಣೆದೋಸೆ ಊರಿನ ಹಸಿದ ಹುಡುಗಿ' ಅನ್ನುವ ತಲೆಬರಹ ಕೊಟ್ಟವನು ನಾನೇ. ಕೊಟ್ಟಾಗ ಖುಷಿಯಾಗಿತ್ತು, ಈಗ ನಾಚಿಕೆ.

ಒಂದು ಲೇಖನದಿಂದ ಏನಾಗುತ್ತೆ ಬಿಡಿ ಸಾರ್ ಅಂತ ನಮ್ಮ ಆಫೀಸಿನಲ್ಲೇ ಒಬ್ಬರು ಅಂದರು. ಫಿಜಿ ದೇಶದ ನದ್ರೋಗಾ ಅನ್ನುವ ಕಡೆಗೆ 1995ರಲ್ಲಿ ಟಿವಿ ಬಂತು. ಮೈಕೈ ತುಂಬಿಕೊಂಡಿದ್ದರೇ ಲಕ್ಷಣ ಅನ್ನುವ ಜನ ಅವರು. ಟಿವಿ ಬಂದ ಹೊಸತರಲ್ಲಿ ಆನ್ ಬೆಕರ್ ಎಂಬ ಮನೋವೈದ್ಯೆ ಅಲ್ಲಿನ ಶಾಲೆ ಹುಡುಗಿಯರನ್ನು ಕೇಳಿದಾಗ, ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಅಂದವಳು ಒಬ್ಬಳೂ ಇರಲಿಲ್ಲ. 1998ರಲ್ಲಿ ಮತ್ತೆ ಕೇಳಿದರೆ ಶೇ. 11 ಹುಡುಗಿಯರು ಹೌದು ಅಂದರು. ಎಲ್ಲಾ ಟಿವಿಯಿಂದಲೇ ಅಂತ ಹೇಳಲು ಆಗುವುದಿಲ್ಲ, ಆದರೆ ನಾವು ಜಾರಿಕೊಳ್ಳುವ ಹಾಗೂ ಇಲ್ಲ ಅಲ್ವಾ?

ನಮ್ಮ ಕಡೆ ಇದನ್ನು ಕಾಯಿಲೆ ಅಂತ ಒಪ್ಪುವುದೇ ಕಷ್ಟ. ಹಠ ಅನ್ನುತ್ತಾರೆ, ಹಾಸ್ಟೆಲ್ ಊಟ ಸೇರಲ್ಲ ಅನ್ನುತ್ತಾರೆ. ಮನಸ್ಸಿನ ಕಾಯಿಲೆಗಳಲ್ಲಿ ಜಾಸ್ತಿ ಜೀವ ತೆಗೆಯುವವುಗಳಲ್ಲಿ ಅನೊರೆಕ್ಸಿಯಾ, ಅಂದರೆ ದಪ್ಪಗಾಗುವ ಭಯಕ್ಕೆ ಊಟ ಬಿಡುವ ಈ ಕಾಯಿಲೆ, ಒಂದು. ಬುಲಿಮಿಯಾ, ಅಂದರೆ ವಿಪರೀತ ತಿಂದು ಆಮೇಲೆ ತೂಕ ಏರದಿರಲಿ ಅಂತ ವಾಂತಿ ಗೀಂತಿ ಮಾಡಿಕೊಳ್ಳುವ ಕಾಯಿಲೆ, ಇರುವವರು ಎಷ್ಟೋ ಸಲ ನೋಡಲು ಎಲ್ಲರ ಹಾಗೇ ಇರುತ್ತಾರೆ. ಹುಡುಗರಿಗೂ ಬರುತ್ತದೆ. ಎಲುಬು ಕಾಣುವ ಫೋಟೊ ಹಾಕಿ ಇವರಿಗೆಲ್ಲ ನಿಮಗೇನೂ ಆಗಿಲ್ಲ ಅಂದಂತಾಯಿತು.

ಇನ್ನೊಂದು ವಿಷಯ, ನೀವು ಕೇಳಿಲ್ಲ, ನಾನೇ ಹೇಳಿಬಿಡುತ್ತೇನೆ. ಮಗಳು ಕತ್ತರಿಸಿದ ಪುಟದ ಹಿಂಬದಿಯಲ್ಲಿ ತೂಕ ಇಳಿಸುವ ಪುಡಿಯ ಜಾಹೀರಾತಿದೆ. ಇನ್ನು ಮುಂದೆ ಅಂಥದ್ದು ತೆಗೆದುಕೊಳ್ಳುವುದಿಲ್ಲ. ಕೈ ಬಿಗಿಯಾಗುತ್ತೆ, ಆಗಲಿ.

ಆ ಪುಟ ಹರಿದುಹಾಕಿ ಜಗಳ ಮಾಡಬೇಡಿ. ತೂಕದ ಸುದ್ದಿ ಎತ್ತದೆ, ಯಾಕೋ ಸಪ್ಪಗಿದ್ದೀಯಲ್ಲ ಅಂತ ಸುಮ್ನೆ ಮಾತು ಶುರು ಮಾಡಿ. ಮನೋವೈದ್ಯರಿಗೆ ತೋರಿಸಿ, ಊರಲ್ಲೇ ಮೆಡಿಕಲ್ ಕಾಲೇಜುಗಳಿವೆ. ಮನಸ್ಸಿನ ತೊಂದರೆಗೆ ಅಂತಲೇ ಇರುವ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ತಲೆ ಸುತ್ತಿ ಬೀಳುವುದು, ಎದೆ ಡವಡವ ಅನ್ನುವುದು ಏನಾದರೂ ಇದ್ದರೆ ಫೋನೂ ಬೇಡ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

– ಸಂ.