ಪಂಪಿಲ್ಲದ ಕಾರಂಜಿಗಳು

ಪ್ರಶ್ನೆ: ಇಟಲಿಯ ತಿವೋಲಿಯಲ್ಲಿರುವ ವಿಲ್ಲಾ ದೆಸ್ತೆ ಎಂಬ ಹಳೆಯ ಸಿರಿವಂತರ ಬಂಗಲೆಯ ತೋಟದಲ್ಲಿ ಸಾಲುಸಾಲು ಕಾರಂಜಿಗಳು ಪಂಪಿನ ಸಹಾಯವಿಲ್ಲದೆ ಚಿಮ್ಮುತ್ತವೆಂದು ಕೇಳಿದ್ದೇನೆ. ಇದು ನಿಜವೇ? ಆ ತೋಟವನ್ನು ಈಗ ಯಾರು ಬೇಕಾದರೂ ನೋಡಬಹುದೇ?
— ಓದುಗರೊಬ್ಬರು, ಬಾಯಾರು

ಉತ್ತರ: ನಿಜ. ಮನೆಯ ಹಿಂದಿನ ಗುಡ್ಡಕ್ಕೆ ಸುರಂಗ ಕೊರೆದು, ಒಸರುವ ನೀರನ್ನು ಅಡಿಕೆ ಮರದ ದಂಬೆಯಲ್ಲಿ ಅಂಗಳದವರೆಗೆ ಹರಿಸಿಕೊಂಡ ನಿಮ್ಮ ಊರಿನವರಿಗೆ ಇದರ ಮರ್ಮ ಬೇಗ ತಿಳಿದೀತು. 1550ರಲ್ಲಿ ತಿವೋಲಿಯ ಆಡಳಿತಾಧಿಕಾರಿಯಾಗಿ ಬಂದ ಕಾರ್ಡಿನಲ್ (ಕ್ಯಾಥೋಲಿಕ್ ಚರ್ಚಿನ ಹಿರಿಯ ಧರ್ಮಾಧಿಕಾರಿ) ಎರಡನೆಯ ಇಪ್ಪೊಲಿತೊ ದೆಸ್ತೆ, ಪಿರ್ರೊ ಲಿಗೋರಿಯೊ ಎಂಬ ವಾಸ್ತುಶಿಲ್ಪಿಯಿಂದ ಈ ತೋಟದ ಯೋಜನೆ ಮಾಡಿಸಿದನು. ಅನಿಯೇನೆ ನದಿಯ ನೀರನ್ನು ಪಟ್ಟಣದ ಅಡಿಯಲ್ಲೇ ತೋಡಿದ ಕಾಲುವೆಯ ಮೂಲಕ ತೋಟದ ಮೇಲ್ಭಾಗಕ್ಕೆ ತಂದುದರಿಂದ, ಬೇಕಾದ ಒತ್ತಡವನ್ನು ಇಳಿಜಾರೇ ಕೊಡುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಸೋಜಿಗದ್ದು, ಆರ್ಗನ್ ಎಂಬ ಕೊಳವೆವಾದ್ಯವನ್ನು ನುಡಿಸುವ ಆರ್ಗನ್ ಕಾರಂಜಿ. ಮೇಲಿನಿಂದ ಧುಮುಕುವ ನೀರು ತನ್ನೊಡನೆ ಗಾಳಿಯನ್ನೂ ಮುಚ್ಚಿದ ಕೋಣೆಯೊಳಕ್ಕೆ ಎಳೆದೊಯ್ಯುತ್ತದೆ. ಅಲ್ಲಿ ಒತ್ತಡಕ್ಕೆ ಸಿಕ್ಕ ಗಾಳಿ ಕೊಳವೆಗಳಿಂದ ಹೊರಬೀಳುವಾಗ ಸ್ವರ ಹೊಮ್ಮುತ್ತದೆ, ಯಾವ ಸ್ವರ ಯಾವಾಗ ಎಂಬುದನ್ನು ನೀರಿನ ಬಲದಿಂದಲೇ ತಿರುಗುವ, ಮೊಳೆಗಳುಳ್ಳ ಉರುಳೆಯೊಂದು ನಿರ್ಧರಿಸುತ್ತದೆ. ಹಾರ್ಮೋನಿಯಂ ತಿದಿಯ ಕೆಲಸವನ್ನು ಇಲ್ಲಿ ನೀರು ವಹಿಸಿಕೊಂಡಿದೆ ಎನ್ನಿ. ಸಮೀಪದ ಗೂಬೆಯ ಕಾರಂಜಿಯಲ್ಲಿ ಹಾಡುತ್ತಿರುವ ಲೋಹದ ಹಕ್ಕಿಗಳು, ಗೂಬೆ ಕಾಣಿಸಿಕೊಂಡೊಡನೆ ಗಪ್‌ಚಿಪ್ಪಾಗುತ್ತವೆ.

ಮೊದಲನೆಯ ಮಹಾಯುದ್ಧದ ಬಳಿಕ ಈ ಸ್ವತ್ತು ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ರಾಜಮನೆತನದಿಂದ ಇಟಲಿ ಸರಕಾರದ ಕೈಸೇರಿತು. 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಟಿಕೆಟ್ ಕೊಂಡು ಯಾರು ಬೇಕಾದರೂ ಒಳಗೆ ಹೋಗಬಹುದು.