‘ತುಘಲಕ್’ ಟೀವಿಗೆ ಬರಲಿ, ಆ ತಾಯಿಯನ್ನು ಬಿಟ್ಟು ಬೇಡ

ಉಡುಪಿಯ ಗೆಳೆಯರೇ,

ಗಿರೀಶ ಕಾರ್ನಾಡರ ‘ತುಘಲಕ್’ ನಾಟಕವನ್ನು ಟೀವಿ ಧಾರಾವಾಹಿಗೆ ಹೊಂದಿಸಿ ನೀವು ಕಳಿಸಿದ ಹಸ್ತಪ್ರತಿ ಪೂರ್ತಿ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ನಿಮ್ಮ ಕೈಯಲ್ಲಿ ಇದು ಆಗುತ್ತದೆ ಅನ್ನಿಸಿದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಸುಲ್ತಾನ ತುಘಲಕ್ ರಾಜಧಾನಿ ಬದಲಿಸಿದ್ದರಿಂದ ಜನ ದೆಹಲಿ ಬಿಟ್ಟು ದೌಲತಾಬಾದಿಗೆ ಹೊರಡುವ ಭಾಗ ನೋಡಿ. ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರಿ. ನೀವು ಒಂಟೆ, ಧೂಳು, ಜನಜಂಗುಳಿ, ಮೇಲಿನಿಂದ ಡ್ರೋನ್ ಶಾಟ್ ಎಂದು ಪುಟಗಟ್ಟಲೆ ಬರೆದಿದ್ದೀರಿ. ನಾಟಕದಲ್ಲಿ ಇರುವುದು ದಾರಿಯ ಒಂದು ಬಿಡಾರ, ಅಷ್ಟೇ. ಮಗು ಸಾಯುತ್ತಿದೆ, ವೈದ್ಯರ ಹತ್ತಿರ ಹೋಗಲು ಬಿಡಿ ಎಂದು ತಾಯಿ ಬೇಡುತ್ತಾಳೆ. ಅಧಿಕಾರಿಯ ವೇಷದಲ್ಲಿರುವ ವಂಚಕ ಅಜೀಜ ದುಡ್ಡು ಕೇಳುತ್ತಾನೆ. ಇಡೀ ವಲಸೆಯ ಸಂಕಟ ಆ ಒಂದು ದೃಶ್ಯದಲ್ಲಿದೆ. ಅದನ್ನೇ ಕೈಬಿಟ್ಟಿದ್ದೀರಿ! ಕ್ಯಾಮೆರಾ ಬೇಕಾದ್ದೇ ಅಲ್ಲಿ. ನಮ್ಮ ಮಂಗಳೂರಿನ ಪುರಭವನದ ಕೊನೆಯ ಸಾಲಿನವರಿಗೆ ಆ ತಾಯಿಯ ಕಣ್ಣು ಕಾಣುವುದಿಲ್ಲ. ಮನೆಯಲ್ಲಿ ಟೀವಿ ನೋಡುವವರಿಗೆ ಕಾಣುತ್ತದೆ.

ಯಕ್ಷಗಾನದ ತಾಳಮದ್ದಲೆ ಕೇಳುತ್ತಾ ಬೆಳೆದವನು ಎಂದು ಪತ್ರದಲ್ಲಿ ಬರೆದಿದ್ದೀರಿ, ಅಲ್ವಾ? ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಾತ್ರದ ಮಾತಾಡುವ ಅರ್ಥಧಾರಿ ಕೂತಲ್ಲೇ ಮಾತಿನಲ್ಲಿ ಕುರುಕ್ಷೇತ್ರ ಕಟ್ಟುತ್ತಾರೆ. ನೀವೂ ಮಾತನ್ನು ಅಷ್ಟು ನಂಬಬೇಕು.

ಸುಲ್ತಾನನ ಆಸ್ಥಾನದ ಬರನಿಯನ್ನು ನಿರೂಪಕ ಮಾಡಿದ್ದೀರಿ. ಅವನು ನಿಜವಾಗಿಯೂ ಚರಿತ್ರೆ ಬರೆದವನು, ಹಾಗಾಗಿ ಈ ಯೋಚನೆ ಬಂದದ್ದು ಸಹಜ. ಆದರೆ ನಾಟಕದಲ್ಲಿ ಅವನು ಸುಲ್ತಾನನನ್ನು ತಡೆಯಲಾಗದೆ ಕೊನೆಗೆ ಬಿಟ್ಟು ಹೊರಡುತ್ತಾನೆ. ಹೊರಟ ಮೇಲೂ ಅವನ ದನಿ ಕೇಳುತ್ತಲೇ ಇದ್ದರೆ ಸುಲ್ತಾನ ಒಂಟಿಯಾಗುವುದು ಹೇಗೆ?

ಮಲತಾಯಿಗೆ ಸಾವಿನ ಶಿಕ್ಷೆ ಕೊಟ್ಟ ಮೇಲೆ ಸುಲ್ತಾನ ದೇವರಿಗೆ ಮೊರೆಯಿಡುವಲ್ಲಿ ನೀವು ಹಿನ್ನೆಲೆ ಸಂಗೀತವನ್ನೇ ತೆಗೆದಿದ್ದೀರಿ. ಅದು ನನಗೆ ತುಂಬಾ ಹಿಡಿಸಿತು. ಆ ಪುಟದಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ.

ಇನ್ನು ಹಕ್ಕಿನ ವಿಷಯ. ಕಾರ್ನಾಡರು ತೀರಿಕೊಂಡದ್ದು 2019ರಲ್ಲಿ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಅವರ ವಾರಸುದಾರರದ್ದು. ಬರಹದಲ್ಲಿ ಅನುಮತಿ ಇಲ್ಲದೆ ಯಾವ ಚಾನೆಲ್ಲಿಗೂ ಇದನ್ನು ತೋರಿಸಬೇಡಿ. ಅಲ್ಲಿಯವರೆಗೆ ಸುಮ್ನೆ ಕೂರುವುದೂ ಬೇಡ. ನಾಟಕಕಾರ ಸಂಸರ ‘ವಿಗಡ ವಿಕ್ರಮರಾಯ’ ಓದಿ. ಅವರು 1939ರಲ್ಲೇ ಹೋದವರು, ಆ ತೊಡಕಿಲ್ಲ. ಮೈಸೂರಿನ ದಳವಾಯಿಯ ಕಥೆ. ಬಹುಪಾಲು ಒಳಮನೆಯ ಸಂಚು, ಪಿಸುಮಾತು. ಟೀವಿಗೆ ಹೇಳಿ ಮಾಡಿಸಿದಂತಿದೆ. ಅದರ ಹಳೆಗಾಲದ ಕನ್ನಡಕ್ಕೆ ಹೆದರಿ ಮಾತನ್ನು ತೀರಾ ತೆಳ್ಳಗೆ ಮಾಡಬೇಡಿ. ಒಂದೇ ಒಂದು ದೃಶ್ಯ ಬರೆದು ಕಳಿಸಿ. ಕಾಯುತ್ತೇನೆ.

ಸಂಪಾದಕ