ಓದುಗರ ಪ್ರಶ್ನೆ: ಮಾಯಾಲೋಕ ಕಟ್ಟಿದವರ ನೆನಪು ಬರೆಯುವಾಗ

ಪ್ರಶ್ನೆ: ಮಾಯಾ-ಮಾಂತ್ರಿಕ ಕಾದಂಬರಿಗಳಿಂದ ಹೆಸರಾದ ಹಿರಿಯರೊಬ್ಬರಿಗೆ ಹಸ್ತಪ್ರತಿಯ ಶುದ್ಧಪ್ರತಿ ಮಾಡಿಕೊಡುತ್ತಿದ್ದೆ. ಈಗ ಅವರಿಲ್ಲ. ಅವರ ಇನ್‌ಲ್ಯಾಂಡ್ ಪತ್ರಗಳು, ಫೋಟೊಗಳು ನನ್ನಲ್ಲಿವೆ. ನೆನಪಿನ ಪುಸ್ತಕ ಬರೆಯುವಾಸೆ. ಎಲ್ಲಿಂದ ಶುರು ಮಾಡಲಿ? ಪತ್ರಗಳನ್ನು ಹಾಗೇ ಅಚ್ಚು ಹಾಕಬಹುದೇ?
– ಓದುಗರು, ಕಲಬುರಗಿ

ಉತ್ತರ: ಪತ್ರದ ಮಾತು ಮೊದಲು. ಪೂರ್ತಿ ಪತ್ರ ಅಚ್ಚು ಹಾಕಲು ಅನುಮತಿ ಬೇಕು. ಕಾಗದ ನಿಮ್ಮದು, ಬರಹದ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಬದುಕಿದ್ದಾಗ ಪ್ರಕಟವಾಗದ ಬರಹಕ್ಕಾದರೆ ಆ 60 ವರ್ಷ ಶುರುವಾಗುವುದೇ ಪ್ರಕಟವಾದ ಮರುವರ್ಷದಿಂದ. ಮನೆಯವರ ಒಪ್ಪಿಗೆ ಬಾಯಿಮಾತಿನಲ್ಲಿ ಸಾಲದು. ಯಾವ ತಾರೀಖಿನ ಪತ್ರ, ಯಾವ ಸಾಲು, ಮುದ್ರಣಕ್ಕೋ ಇ-ಪುಸ್ತಕಕ್ಕೂ ಸೇರಿಯೋ ಎಂದು ಬರೆಸಿ ಸಹಿ ಪಡೆಯಿರಿ. ಫೋಟೊ ಹಕ್ಕು ತೆಗೆದವರದು ಅಥವಾ ದುಡ್ಡು ಕೊಟ್ಟು ತೆಗೆಸಿದವರದು. ಚಿತ್ರದಲ್ಲಿ ಇದ್ದ ಮಾತ್ರಕ್ಕೆ ಹಕ್ಕು ಬರುವುದಿಲ್ಲ.

ಪತ್ರಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಮಡಿಕೆಯ ಅಂಚನ್ನೂ ಬಿಡಬೇಡಿ. ಜಾಗ ಸಾಲದೆ ಕೊನೆಯ ಸಾಲುಗಳನ್ನು ಅಲ್ಲೇ ತುರುಕಿರುತ್ತಾರೆ. ಹರಿದಲ್ಲಿ ಸೆಲೊಟೇಪ್ ಬೇಡ, ಅಂಟು ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಕ್ರಮಸಂಖ್ಯೆಯನ್ನು ಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಬರೆಯಿರಿ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ತಗಡಿನ ಮಾಡಿನ ಕೆಳಗೆ ಟ್ರಂಕಿನಲ್ಲಿ ಇಡಬೇಡಿ.

ಇನ್ನು ಬರವಣಿಗೆ. ವರ್ಷಕ್ಕೊಂದು ಪುಟದಂತೆ ಪಟ್ಟಿ ಮಾಡಿ. ಕಣ್ಣಾರೆ ಕಂಡದ್ದು ಎಡಕ್ಕೆ, ಯಾರೋ ಹೇಳಿದ್ದು ಬಲಕ್ಕೆ. ಎರಡೂ ಬೆರೆತರೆ ಪುಸ್ತಕದ ನಂಬಿಕೆಯೇ ಹೋಗುತ್ತದೆ. ‘ಶರಣಬಸವೇಶ್ವರ ಜಾತ್ರಿ ಮುಂದ’ ಎಂಬಷ್ಟೇ ನೆನಪಿದ್ದರೆ ಆ ವರ್ಷದ ಪಂಚಾಂಗ ನೋಡಿ. ಜಾತ್ರೆ ಚಾಂದ್ರಮಾನದ ಲೆಕ್ಕದ್ದು, ತಾರೀಖು ವರ್ಷವರ್ಷ ಬದಲಾಗುತ್ತದೆ. ಊರ ಹೆಸರು ಕಲಬುರಗಿ ಎಂದಾದದ್ದು 2014ರ ನವೆಂಬರ್ 1ರಂದು; ಹಳೆಯ ಪತ್ರದ ‘ಗುಲ್ಬರ್ಗಾ’ವನ್ನು ತಿದ್ದಬೇಡಿ.

ನಿಮ್ಮ ನಿಜವಾದ ಬಂಡವಾಳ ಶುದ್ಧಪ್ರತಿಯ ಕೆಲಸ. ಮಾಯೆಗೆ ಅವರು ಹಾಕಿಕೊಂಡ ಕಟ್ಟುಪಾಡು ನಿಮ್ಮಷ್ಟು ಯಾರಿಗೂ ಗೊತ್ತಿರಲಾರದು. ಮೂರನೇ ಅಧ್ಯಾಯದಲ್ಲಿ ಪ್ರಾಣ ಉಳಿಸಿದ ಮಂತ್ರ ಒಂಬತ್ತರಲ್ಲಿ ಯಾಕೆ ಕೆಲಸಕ್ಕೆ ಬರಲಿಲ್ಲ? ಅದನ್ನು ಬಳಸಿದವನು ಏನು ಕಳೆದುಕೊಳ್ಳಬೇಕಿತ್ತು? ಮಿತಿಯಿಲ್ಲದ ಮಂತ್ರ ಕೈಗೆ ಬಂದರೆ ನಾಯಕನಿಗೆ ಭಯವಿಲ್ಲ, ಓದುಗನಿಗೆ ಕುತೂಹಲವಿಲ್ಲ. ಇಂಥ ಕಾದಂಬರಿಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ಹೊಡೆದುಹಾಕಿದ ಪುಟವನ್ನೂ ಅಚ್ಚಾದ ಪುಟವನ್ನೂ ಎದುರುಬದುರು ಇಟ್ಟು ಎರಡು ಮೂರು ಕಡೆ ವಿವರಿಸಿ (ಹೊಡೆದ ಪುಟಕ್ಕೂ ಮನೆಯವರ ಅನುಮತಿ ಬೇಕು). ‘ಸರಳ ಜೀವಿ, ಮೇರು ವ್ಯಕ್ತಿತ್ವ’ ಎಂಬುದೆಲ್ಲ ಅಭಿನಂದನ ಗ್ರಂಥಗಳಿಗೆ ಬಿಡಿ. ಆಗಲೇ ಬರೆದಿಟ್ಟುಕೊಂಡ ಮಾತನ್ನಷ್ಟೇ ಉದ್ಧರಣ ಚಿಹ್ನೆಯೊಳಗೆ ಕೊಡಿ, ಉಳಿದದ್ದಕ್ಕೆ ‘ಎಂಬರ್ಥದಲ್ಲಿ ಹೇಳಿದರು’ ಸಾಕು. ಅವರು ‘ಕುಂದರ್ರಿ’ ಅಂದಿದ್ದರೆ ‘ಕುಳಿತುಕೊಳ್ಳಿ’ ಮಾಡಬೇಡಿ.

ಪ್ರಶ್ನೆ: ಗುರುಗಳಂತಿದ್ದ ಲೇಖಕರು ಅರ್ಧಕ್ಕೆ ಬಿಟ್ಟ ಕಾದಂಬರಿಯನ್ನು ನಾನು ಮುಗಿಸಬಹುದೇ?
– ಓದುಗರು, ಬೀದರ್

ಉತ್ತರ: ವಾರಸುದಾರರ ಲಿಖಿತ ಅನುಮತಿಯಿಲ್ಲದೆ ಕೂಡದು. ಲೇಖಕರ ಇಚ್ಛೆ ಏನಿತ್ತೆಂದು ಅದಕ್ಕೂ ಮೊದಲು ಕೇಳಿ ತಿಳಿಯಿರಿ. ಇಂಗ್ಲೆಂಡಿನ ಮಾಯಾ-ಮಾಂತ್ರಿಕ ಕಾದಂಬರಿಕಾರ ಟೆರಿ ಪ್ರಾಚೆಟ್ 2015ರಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆಯೇ 2017ರಲ್ಲಿ ಅಪ್ರಕಟಿತ ಬರಹಗಳಿದ್ದ ಹಾರ್ಡ್‌ಡಿಸ್ಕನ್ನು ರೋಡ್ ರೋಲರ್ ಕೆಳಗೆ ಹಾಕಿ ಪುಡಿ ಮಾಡಲಾಯಿತು. ಇಂಥದ್ದೊಂದು ಕಾದಂಬರಿ ಇತ್ತು, ಎಷ್ಟನೇ ಅಧ್ಯಾಯದವರೆಗೆ ಬಂದಿತ್ತು ಎಂದು ನೆನಪಿನ ಬರಹದಲ್ಲಿ ಹೇಳಲು ಅಡ್ಡಿಯಿಲ್ಲ.